ಚಿನ್ನದ ಸೀಮೆಯ ಹಳೆಯ ಪಿಕಪ್: ಅಂಗಳದಲ್ಲೇ ಮರುಜನ್ಮ

ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿ ಕೆ.ಸಿ. ರೆಡ್ಡಿ ಅವರ ಹೆಸರಿನ ಆರಂಭದಲ್ಲಿರುವ 'ಕೆ' ಎಂದರೆ ಕ್ಯಾಸಂಬಳ್ಳಿ. ಆಗಿನ ಬಂಗಾರಪೇಟೆ ತಾಲ್ಲೂಕಿನ ಈ ಊರಿನಲ್ಲಿ ಅವರು ಹುಟ್ಟಿದ್ದು 1902ರಲ್ಲಿ. ಅದೇ ವರ್ಷ, ಸುಮಾರು 147 ಕಿಲೋಮೀಟರ್ ದೂರದ ಶಿವನಸಮುದ್ರದಿಂದ ತಂತಿಯ ಮೂಲಕ ಹರಿದ ವಿದ್ಯುತ್ತು ಕೋಲಾರ ಚಿನ್ನದ ಗಣಿಗಳ ಯಂತ್ರಗಳನ್ನು ತಿರುಗಿಸತೊಡಗಿತು. ಗಣಿಯಲ್ಲಿ ವಿದ್ಯುತ್ ಮೋಟಾರು, ಅದರ ಸುತ್ತಲಿನ ಹಳ್ಳಿಗಳಲ್ಲಿ ಎತ್ತಿನ ಗಾಡಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಸೀಮೆಯ ಸ್ಥಿತಿ ಇದು.

ಇಂದು ಅದೇ ಹಳ್ಳಿಗಳ ಮನೆ ಮುಂದೆ ಎತ್ತಿನ ಗಾಡಿಯ ಜಾಗದಲ್ಲಿ ಪಿಕಪ್ ನಿಂತಿರುತ್ತದೆ. ಅನೇಕ ಕಡೆ ಅದು ಹೊಸದಲ್ಲ. ಬಣ್ಣ ಮಾಸಿದ, ತೊಟ್ಟಿಯ ತಗಡನ್ನು ಎರಡು ಮೂರು ಸಲ ಬದಲಿಸಿದ, ಎಂಜಿನ್ ಒಮ್ಮೆಯಾದರೂ ಕೆಳಗಿಳಿದು ಮತ್ತೆ ಮೇಲೇರಿದ ಗಾಡಿ. ಬೆಳಗಿನ ಜಾವಕ್ಕೆ ಟೊಮೆಟೊ ಕ್ರೇಟುಗಳನ್ನು ಹೊತ್ತು ಕೋಲಾರದ ಕೃಷಿ ಮಾರುಕಟ್ಟೆಗೆ ಹೊರಡುವ ಗಾಡಿಯೇ ಮಧ್ಯಾಹ್ನ ಮೇವು, ಸಂಜೆ ಮದುವೆ ಮನೆಯ ಪಾತ್ರೆ ಸಾಗಿಸುತ್ತದೆ. ಅದು ಕೆಟ್ಟು ನಿಂತರೆ ಆ ದಿನದ ಫಸಲು ತೋಟದಲ್ಲೇ ಉಳಿಯುತ್ತದೆ. ಹೊಸದು ಕೊಳ್ಳಲು ಸಾಲ ಬೇಕು. ಆದ್ದರಿಂದ ಹಳೆಯದನ್ನೇ ಮನೆಯಂಗಳದಲ್ಲಿ ಬಿಚ್ಚಿ, ತೊಳೆದು, ಜೋಡಿಸಿ ಓಡಿಸುವುದು ಇಲ್ಲಿ ಹವ್ಯಾಸವಲ್ಲ, ಜೀವನೋಪಾಯದ ಒಂದು ಭಾಗ. ಈ ವಿದ್ಯೆ ಎಲ್ಲಿಂದ ಬಂತು? ಈಗ ಅದಕ್ಕೆ ಒದಗಿರುವ ಸವಾಲು ಏನು?

ಫೋರ್ಡ್‌ನಿಂದ ಜೀಪಿನವರೆಗೆ

ಮುಂದೆ ಕಾರಿನಂಥ ಕ್ಯಾಬಿನ್, ಹಿಂದೆ ಲಾರಿಯಂಥ ತೆರೆದ ತೊಟ್ಟಿ: ಇದು ಪಿಕಪ್‌ನ ಲಕ್ಷಣ. ಕಾರು ಕೊಂಡ ಅಮೆರಿಕದ ರೈತರು ಅದರ ಹಿಂಭಾಗವನ್ನು ಕತ್ತರಿಸಿ ಮರದ ಪೆಟ್ಟಿಗೆ ಕೂರಿಸಿಕೊಳ್ಳುತ್ತಿದ್ದರು. ಅದನ್ನು ಕಂಡ ಫೋರ್ಡ್ ಕಂಪನಿ 1925ರಲ್ಲಿ ತನ್ನ ಮಾಡೆಲ್ ಟಿ ಕಾರಿಗೆ ಕಾರ್ಖಾನೆಯಲ್ಲೇ ತೊಟ್ಟಿ ಜೋಡಿಸಿ ಮಾರಿತು. ಅಂದರೆ ಪಿಕಪ್ ಹುಟ್ಟಿದ್ದೇ ಮನೆಯಂಗಳದ ಮಾರ್ಪಾಡಿನಿಂದ. ಕಾರ್ಖಾನೆ ಆಮೇಲೆ ಅದನ್ನು ನಕಲು ಮಾಡಿತು.

ಭಾರತಕ್ಕೆ ಬಿಡಿಭಾಗಗಳ ರೂಪದಲ್ಲಿ ಬಂದ ವಾಹನಗಳನ್ನು ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಕಂಪನಿಗಳು 1920ರ ದಶಕದ ಕೊನೆಯಿಂದ ಇಲ್ಲಿಯೇ ಜೋಡಿಸತೊಡಗಿದವು. ಆದರೆ ಕೋಲಾರದ ಹಳ್ಳಿಯ ರೈತನಿಗೆ ಅವು ದೂರದ ಮಾತು. ಸರಕು ಸಾಗಣೆಗೆ ರೈಲಿತ್ತು. ಬಂಗಾರಪೇಟೆಯಿಂದ ಗಣಿ ಪ್ರದೇಶದ ಮಾರಿಕುಪ್ಪಂವರೆಗಿನ ಮಾರ್ಗ 1894ರಲ್ಲೇ ಆರಂಭವಾಗಿತ್ತು. ಬಂಗಾರಪೇಟೆಗೆ ಆಗ ಬೌರಿಂಗ್‌ಪೇಟೆ ಎಂಬ ಹೆಸರು. ಅಲ್ಲಿಂದ ಕೋಲಾರಕ್ಕೆ ಕಿರುಗೇಜಿನ ರೈಲು 1913ರಲ್ಲಿ ಬಂತು. ನಿಲ್ದಾಣದವರೆಗೆ ಮಾತ್ರ ಎತ್ತಿನ ಗಾಡಿ.

ಪರಿಸ್ಥಿತಿ ಬದಲಿಸಿದ್ದು ಎರಡನೆಯ ಮಹಾಯುದ್ಧ. ಯುದ್ಧದ ವರ್ಷಗಳಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಬಸ್ಸು, ಲಾರಿಗಳ ಬೆನ್ನಿಗೆ ಇದ್ದಿಲಿನ ಒಲೆ ಏರಿತು. ಇದ್ದಿಲನ್ನು ಸಾಕಷ್ಟು ಗಾಳಿ ಕೊಡದೆ ಉರಿಸಿದರೆ ಇಂಗಾಲದ ಮಾನಾಕ್ಸೈಡ್ ಇರುವ, ಉರಿಯಬಲ್ಲ ಅನಿಲ ಬರುತ್ತದೆ. ಅದನ್ನು ತಣಿಸಿ, ಬೂದಿ ಸೋಸಿ ಎಂಜಿನ್ನಿಗೆ ಊಡಿಸುವುದು ವಿಧಾನ. ಬೆಳಿಗ್ಗೆ ಹೊರಡುವ ಮೊದಲು ಕ್ಲೀನರ್ ಹಿಡಿಕೆ ತಿರುಗಿಸಿ ಗಾಳಿ ಊದಬೇಕು, ದಿಣ್ಣೆ ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕು. ಆದರೂ ಗಾಡಿ ಓಡಿತು. ಕಾರ್ಖಾನೆ ಕೊಟ್ಟ ಯಂತ್ರವನ್ನು ಇದ್ದ ಪರಿಸ್ಥಿತಿಗೆ ಒಗ್ಗಿಸಿಕೊಳ್ಳಬಹುದು ಎಂಬುದನ್ನು ಆ ತಲೆಮಾರಿನ ಚಾಲಕರು ಹೀಗೆ ಕಲಿತರು.

ಯುದ್ಧ ಮುಗಿದಾಗ ಸೇನೆಯ ಜೀಪುಗಳು ಹರಾಜಿಗೆ ಬಂದವು. ಸುಮಾರು 2.2 ಲೀಟರಿನ, 60 ಅಶ್ವಶಕ್ತಿಯ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್. 6 ವೋಲ್ಟ್ ಬ್ಯಾಟರಿ. ನಾಲ್ಕು ಚಕ್ರಕ್ಕೂ ಶಕ್ತಿ. 1945ರಲ್ಲಿ ಆರಂಭವಾಗಿದ್ದ ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ಮುಂಬೈಯಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆಗೆ ಕೈಹಾಕಿತು. ಯುದ್ಧಭೂಮಿಯಲ್ಲಿ ಸೈನಿಕನೇ ರಿಪೇರಿ ಮಾಡಿಕೊಳ್ಳಬೇಕೆಂದು ರೂಪಿಸಿದ ಗಾಡಿ ಅದು. ಕೆಲವೇ ಪಾನಾಗಳಿದ್ದರೆ ಬಹುತೇಕ ಭಾಗಗಳನ್ನು ಬಿಚ್ಚಬಹುದಿತ್ತು. ಹಳ್ಳಿಗೆ ಅದು ಹೊಂದಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಗಣಿ ಕಲಿಸಿದ ಕೈಗಳು

ಕ್ಯಾಸಂಬಳ್ಳಿ ಸೀಮೆಗೆ ಬೇರೆಡೆ ಇಲ್ಲದ ಒಂದು ಅನುಕೂಲವಿತ್ತು. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿನ ಗಣಿಗಳ ಆಡಳಿತ ವಹಿಸಿಕೊಂಡ ಮೇಲೆ ಕೆಜಿಎಫ್ ಬರೀ ಚಿನ್ನದ ಊರಾಗಿ ಉಳಿಯಲಿಲ್ಲ. ಯಂತ್ರದ ಊರೂ ಆಯಿತು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಚಾಂಪಿಯನ್ ರೀಫ್‌ನಂಥ ಗಣಿಗೆ ಆಳು ಇಳಿಸುವ ಯಂತ್ರ, ಗಾಳಿ ಒತ್ತುವ ಕಂಪ್ರೆಸರ್, ನೀರೆತ್ತುವ ಪಂಪು ಎಲ್ಲವೂ ಹಗಲಿರುಳು ನಡೆಯಬೇಕು. ಅವು ಕೆಟ್ಟರೆ ಇಂಗ್ಲೆಂಡಿನಿಂದ ಭಾಗ ಬರುವವರೆಗೆ ಕಾಯುವಂತಿಲ್ಲ. ಹೀಗಾಗಿ ಗಣಿಯ ವರ್ಕ್‌ಶಾಪುಗಳಲ್ಲಿ ಫಿಟ್ಟರ್, ಟರ್ನರ್, ವೆಲ್ಡರ್, ಅಚ್ಚು ಎರೆಯುವವರ ಒಂದು ವರ್ಗವೇ ಬೆಳೆಯಿತು. ತಮಿಳು, ತೆಲುಗು, ಕನ್ನಡ ಬೆರೆತ ಮಾತಿನಲ್ಲಿ ಕೆಲಸ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿತು.

1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್, ಕೆಜಿಎಫ್‌ನಲ್ಲಿ ಬುಲ್ಡೋಜರ್ ಮೊದಲಾದ ಮಣ್ಣು ಕೆಲಸದ ಯಂತ್ರಗಳ ಕಾರ್ಖಾನೆ ತೆರೆಯಿತು. ಡೀಸೆಲ್ ಎಂಜಿನ್, ಹೈಡ್ರಾಲಿಕ್ಸ್, ಗೇರ್ ಪೆಟ್ಟಿಗೆಗಳನ್ನು ಬಲ್ಲ ಮತ್ತೊಂದು ತಲೆಮಾರು ಇದರಿಂದ ಸಿದ್ಧವಾಯಿತು. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದಾಗ ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಹಲವರು ಮುಂಜಾನೆಯ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗತೊಡಗಿದರು. ಆದರೆ ಕೈಯಲ್ಲಿದ್ದ ವಿದ್ಯೆ ಗಣಿಯೊಂದಿಗೆ ಮುಚ್ಚಿಹೋಗುವಂಥದ್ದಲ್ಲ. ಒಂದು ಲೇತ್, ಒಂದು ವೆಲ್ಡಿಂಗ್ ಸೆಟ್ ಇದ್ದರೆ ರಸ್ತೆ ಬದಿಯಲ್ಲೇ ಜೀವನ ಸಾಗಿಸಬಹುದು. ರೈತ ಅಂಗಳದಲ್ಲಿ ಬಿಚ್ಚಿದ ಭಾಗವನ್ನು ಕಡೆದು, ಬೆಸೆದು ಕೊಡುವ ಲೇತ್ ಅಂಗಡಿ ಇಲ್ಲದಿದ್ದರೆ ಮನೆಯ ರಿಪೇರಿ ಅರ್ಧಕ್ಕೇ ನಿಲ್ಲುತ್ತದೆ.

ಕೊರತೆಯೇ ಗುರು

ಸ್ವಾತಂತ್ರ್ಯಾನಂತರದ ಕೈಗಾರಿಕಾ ನೀತಿಯೂ ಹಳೆಯ ಗಾಡಿಯ ಆಯುಷ್ಯ ಹೆಚ್ಚಿಸಿತು. ದೇಶದಲ್ಲೇ ತಯಾರಿಸುವ ಯೋಜನೆಯಿಲ್ಲದ ವಿದೇಶಿ ಜೋಡಣಾ ಕಂಪನಿಗಳಿಗೆ 1953ರ ಸುಮಾರಿಗೆ ಸರ್ಕಾರ ಬಾಗಿಲು ಮುಚ್ಚಿತು. ಫೋರ್ಡ್, ಜನರಲ್ ಮೋಟಾರ್ಸ್ ಹೊರನಡೆದವು. ಅವರ ಗಾಡಿಗಳು ಉಳಿದವು, ಬಿಡಿಭಾಗ ಸಿಗಲಿಲ್ಲ. ಹೊಸ ವಾಹನ ಬೇಕೆಂದರೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಹೀಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳೂ ಶಿವಾಜಿನಗರದ ಗುಜರಿಯೂ ದೂರದೂರದ ಊರಿನವರಿಗೂ ಪರಿಚಿತವಾದವು. ಒಂದು ಗಾಡಿಯ ಗೇರ್ ಪೆಟ್ಟಿಗೆ, ಇನ್ನೊಂದರ ಆಕ್ಸಲ್, ಮತ್ತೊಂದರ ಸ್ಟೀರಿಂಗ್ ಸೇರಿ ಒಂದು ವಾಹನವಾಗುವುದು ಸಾಮಾನ್ಯ ಸಂಗತಿಯಾಯಿತು.

ಇದೇ ಅವಧಿಯಲ್ಲಿ ದೇಶೀಯ ಬಿಡಿಭಾಗ ಉದ್ಯಮವೂ ತಲೆಯೆತ್ತಿತು. 1951ರಲ್ಲಿ ಆರಂಭವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಜನರ ಬಾಯಲ್ಲಿ ಮೈಕೊ, ಬೆಂಗಳೂರಿನ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ ಮತ್ತು ಡೀಸೆಲ್ ಪಂಪುಗಳನ್ನು ತಯಾರಿಸಿತು. ಮದರಾಸಿನ ಸಿಂಪ್ಸನ್ ಕಂಪನಿ ಪರ್ಕಿನ್ಸ್ ಡೀಸೆಲ್ ಎಂಜಿನ್‌ಗಳನ್ನು ತಯಾರಿಸಿತು. ಪೆಟ್ರೋಲ್ ಲಾರಿಯ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸುವುದು ಆ ಕಾಲದ ಅತಿ ದೊಡ್ಡ 'ಮೇಲ್ದರ್ಜೆ'. 1973ರ ತೈಲ ಬಿಕ್ಕಟ್ಟಿನ ನಂತರ ಜೀಪಿಗೂ ಅದೇ ಹಾದಿ. ಮಹೀಂದ್ರ ಕಂಪನಿಯೇ ಟ್ರ್ಯಾಕ್ಟರ್ ಎಂಜಿನ್ನಿನ ಬಳಗದ ಡೀಸೆಲ್ ಎಂಜಿನ್ನನ್ನು ಜೀಪಿಗೆ ಅಳವಡಿಸಿತು. ಮುಂದೆ ಫ್ರಾನ್ಸಿನ ಪ್ಯೂಜೊ ವಿನ್ಯಾಸದ ಎಂಜಿನ್ ಬಂತು. ಬಜಾಜ್ ಟೆಂಪೊದ ಮಟಡೋರ್ ಹಳ್ಳಿ ಹಳ್ಳಿ ತಲುಪಿದ್ದೂ ಡೀಸೆಲ್ ಬಲದಿಂದಲೇ.

ಎಂಬತ್ತರ ದಶಕದ ನಡುವೆ ಚಿತ್ರ ಬದಲಾಯಿತು. ಜಪಾನಿನ ಸಹಯೋಗದಲ್ಲಿ ಡಿಸಿಎಂ ಟೊಯೊಟ, ಸ್ವರಾಜ್ ಮಜ್ದಾ, ಐಷರ್ ಮಿತ್ಸುಬಿಷಿ, ಆಲ್ವಿನ್ ನಿಸಾನ್ ಲಘು ಲಾರಿಗಳು ಬಂದವು. ಅವುಗಳಿಗೆ ಉತ್ತರವಾಗಿ 1986ರಲ್ಲಿ ಟಾಟಾ 407 ಬಂತು. 1988ರಲ್ಲಿ ಟಾಟಾಮೊಬೈಲ್ ಎಂಬ ನಿಜವಾದ ಪಿಕಪ್ ರಸ್ತೆಗಿಳಿಯಿತು. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಬೊಲೆರೊ ಪಿಕಪ್, 2005ರಲ್ಲಿ ಪುಟಾಣಿ ಟಾಟಾ ಏಸ್. ಈಗ ಹಳ್ಳಿಯ ಅಂಗಳದಲ್ಲಿ ಹದಿನೈದು ಇಪ್ಪತ್ತು ವರ್ಷ ತುಂಬಿಸಿಕೊಂಡು ನಿಂತಿರುವುದು ಬಹುತೇಕ ಈ ಕೊನೆಯ ಸಾಲಿನ ಗಾಡಿಗಳೇ.

ಅಂಗಳದ ಆಸ್ಪತ್ರೆ

ಮನೆಯಲ್ಲಿ ಏನೇನು ಸಾಧ್ಯ? ನಾಡಿ ನೋಡುವುದು ಮೊದಲ ಕೆಲಸ. ಹೊಗೆಯ ಬಣ್ಣವೇ ಅರ್ಧ ರೋಗ ಹೇಳುತ್ತದೆ. ಕಪ್ಪು ಹೊಗೆ ಬಂದರೆ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚು; ಏರ್ ಫಿಲ್ಟರ್ ನೋಡಬೇಕು. ನೀಲಿ ಹೊಗೆಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ; ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಸಿಲಿಂಡರಿಗೆ ನುಗ್ಗುತ್ತಿರಬಹುದು. ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು.

ಈ ಸೀಮೆಯ ನೆಲವೇ ಗಾಡಿಗೆ ಎರಡು ಕಾಯಿಲೆ ತರುತ್ತದೆ. ಒಂದು, ದೂಳು. ಕಚ್ಚಾ ರಸ್ತೆಯ ಕೆಂಪು ದೂಳು, ಬೇಸಿಗೆಯ ಗಾಳಿಗೆ ಕೆಜಿಎಫ್‌ನ ಸೈನೈಡ್ ದಿಬ್ಬಗಳಿಂದ ಏಳುವ ಸಣ್ಣ ಪುಡಿ, ಇವು ಫಿಲ್ಟರನ್ನು ಕಟ್ಟಿಹಾಕುತ್ತವೆ. ಫಿಲ್ಟರ್ ತಪ್ಪಿಸಿ ಒಳಹೊಕ್ಕರೆ ಸಿಲಿಂಡರನ್ನು ಉಪ್ಪುಕಾಗದದಂತೆ ಉಜ್ಜುತ್ತವೆ. ಎರಡು, ನೀರು. ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ ಜಿಲ್ಲೆ ದಶಕಗಳಿಂದ ನಂಬಿದ್ದು ಕೊಳವೆಬಾವಿಯನ್ನು. ಆಳದ ಗಡಸು ನೀರನ್ನು ರೇಡಿಯೇಟರಿಗೆ ಸುರಿದರೆ ಒಳಗೆ ಸುಣ್ಣದ ಪದರ ಕಟ್ಟಿ, ಎಂಜಿನ್ ಕಾದು, ಕೊನೆಗೆ ಹೆಡ್ ಸೊಟ್ಟಗಾಗುತ್ತದೆ. ಹಳಬರು ಮಳೆನೀರು ಹಿಡಿದಿಟ್ಟು ಹಾಕುತ್ತಿದ್ದುದರ ಕಾರಣ ಇದೇ. ಈಗ ಕೂಲೆಂಟ್ ದ್ರವ ಆ ಕೆಲಸ ಮಾಡುತ್ತದೆ.

ಡೀಸೆಲ್ ಮುಗಿದು ಗಾಡಿ ನಿಂತರೆ ಮತ್ತೆ ತುಂಬಿಸಿದ ಮಾತ್ರಕ್ಕೆ ಅದು ಹೊರಡದು. ಪೈಪಿನೊಳಗೆ ಗಾಳಿ ಸೇರಿರುತ್ತದೆ. ಫಿಲ್ಟರಿನ ಮೇಲಿನ ತಿರುಪನ್ನು ಸಡಿಲಿಸಿ, ಕೈಪಂಪನ್ನು ಒತ್ತುತ್ತಾ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಹೊರಬಿಡಬೇಕು. ಹತ್ತು ನಿಮಿಷದ ಈ ಕೆಲಸ ಗೊತ್ತಿಲ್ಲದವನು ರಾತ್ರಿಯಿಡೀ ರಸ್ತೆಯಲ್ಲಿ ಕಾಯಬೇಕಾಗುತ್ತದೆ. ಗ್ರೀಸ್ ಗನ್ ಹಿಡಿದು ಕಿಂಗ್‌ಪಿನ್, ಸ್ಪ್ರಿಂಗ್ ಶ್ಯಾಕಲ್‌ಗಳಿಗೆ ಗ್ರೀಸ್ ತುಂಬುವುದು, ಫೀಲರ್ ಗೇಜ್ ಇಟ್ಟು ಟ್ಯಾಪೆಟ್ ಸರಿಪಡಿಸುವುದು, ಆಯಿಲ್ ಬದಲಿಸುವುದು, ತುಕ್ಕು ಹಿಡಿದ ತೊಟ್ಟಿಗೆ ಹೊಸ ತಗಡು ಬೆಸೆಯುವುದು ಎಲ್ಲವೂ ಮನೆಮಟ್ಟದ ಕೆಲಸವೇ. ಸಿಲಿಂಡರ್ ಸವೆದಾಗ ಮಾತ್ರ ಬ್ಲಾಕ್ ಅಂಗಡಿಗೆ ಹೋಗುತ್ತದೆ. ಅಲ್ಲಿ ಇಂಚಿನ ಸಾವಿರದ 20 ಅಥವಾ 40 ಭಾಗದಷ್ಟು ಕೊರೆದು, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಕೂರಿಸುತ್ತಾರೆ. ಇಲ್ಲವೇ ಹೊಸ ಲೈನರ್ ಹಾಕುತ್ತಾರೆ. ಎಂಜಿನ್ನಿಗೆ ಇನ್ನೊಂದು ಆಯುಷ್ಯ ಸಿಗುತ್ತದೆ.

ಈ ಎಲ್ಲ ಕೆಲಸಕ್ಕೂ ವರ್ಷದಲ್ಲಿ ಒಂದು ಗಡುವು ಉಂಟು, ಅದು ಆಯುಧಪೂಜೆ. ಹಿಂದಿನ ದಿನ ಗಾಡಿ ತೊಳೆದು, ಕೆಳಗಿಳಿದು ನೋಡಿ, ಸಡಿಲವಾದ ನಟ್ಟು ಬಿಗಿದು, ಪಾನಾ ಸುತ್ತಿಗೆಗಳನ್ನೂ ಒರೆಸಿ ಕುಂಕುಮವಿಟ್ಟು, ಚಕ್ರದಡಿ ನಿಂಬೆಹಣ್ಣು ಇಟ್ಟು, ಬೂದುಗುಂಬಳ ಒಡೆಯುವ ಪದ್ಧತಿ ಭಕ್ತಿಯದ್ದು ನಿಜ. ಜತೆಗೆ, ಮನೆಯವರೆಲ್ಲ ಸೇರಿ ಗಾಡಿಯನ್ನು ಹತ್ತಿರದಿಂದ ನೋಡುವ ವಾರ್ಷಿಕ ತಪಾಸಣೆಯೂ ಅದೇ. ಮಗ ಅಪ್ಪನಿಂದ ಕಲಿಯುವ ಮೊದಲ ಪಾಠ ಅನೇಕ ಸಲ ಅಂದೇ ಆಗುತ್ತದೆ.

ಸುಧಾರಣೆಯೋ, ಅಪಾಯವೋ

ಹಳೆಯ ಗಾಡಿಗೆ ಹೊಸ ಶಕ್ತಿ ತುಂಬುವಾಗ ಯಾವುದು ಮೊದಲು ಎಂಬುದು ಮುಖ್ಯ ಪ್ರಶ್ನೆ. ಅನುಭವಿಗಳ ಕ್ರಮ ಸ್ಪಷ್ಟ: ಮೊದಲು ನಿಲ್ಲುವುದು, ನಂತರ ಕಾಣುವುದು, ಕೊನೆಗೆ ಓಡುವುದು. ಹಳೆಯ ಜೀಪುಗಳ ಬ್ರೇಕಿನಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ದ್ರವದ ಜಾಲ. ಒಂದು ಪೈಪು ಒಡೆದರೆ ಪೆಡಲ್ ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಪ್ರತ್ಯೇಕ ಜಾಲವಿರುವ ಜೋಡಿ ಮಾಸ್ಟರ್ ಸಿಲಿಂಡರ್, ವ್ಯಾಕ್ಯೂಮ್ ಬೂಸ್ಟರ್ ಅಳವಡಿಸುವುದು ಅತ್ಯಂತ ಬೆಲೆಬಾಳುವ ಸುಧಾರಣೆ. ಬ್ರೇಕ್ ದ್ರವದ ಬದಲು ಕೈಗೆ ಸಿಕ್ಕ ಎಂಜಿನ್ ಆಯಿಲ್ ಸುರಿದರೆ ರಬ್ಬರ್ ಸೀಲುಗಳು ಊದಿಕೊಂಡು ಇಡೀ ವ್ಯವಸ್ಥೆ ಹಾಳಾಗುತ್ತದೆ. ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿದರೆ ನಿಧಾನಗತಿಯಲ್ಲೂ ಬ್ಯಾಟರಿ ಚಾರ್ಜ್ ಆಗುತ್ತದೆ, ಹೆಡ್‌ಲೈಟ್ ಮಂಕಾಗುವುದಿಲ್ಲ. ಆದರೆ ಹಳೆಯ ವೈರಿಗೇ ಹೊಸ ಹೊರೆ ಹಾಕಿ ಫ್ಯೂಸ್ ಬದಲು ತಂತಿ ಸುತ್ತಿದರೆ ಬೆಂಕಿಗೆ ಆಹ್ವಾನ ಕೊಟ್ಟಂತೆ.

ಅತಿ ಹೆಚ್ಚು ಪ್ರಚಲಿತವಾದ 'ಸುಧಾರಣೆ' ಎಂದರೆ ಹಿಂದಿನ ಸ್ಪ್ರಿಂಗಿಗೆ ಹೆಚ್ಚುವರಿ ಪಟ್ಟಿ ಸೇರಿಸುವುದು. ಟೊಮೆಟೊ ಕ್ರೇಟ್ ಒಂದಕ್ಕೆ ಸುಮಾರು 15 ಕಿಲೋ. ನೂರು ಕ್ರೇಟ್ ಎಂದರೆ ಒಂದೂವರೆ ಟನ್. ಬೆಲೆ ಬಂದ ದಿನ ಇನ್ನಿಪ್ಪತ್ತು ಕ್ರೇಟ್ ಏರಿಸುವ ಆಸೆ ಸಹಜ. ಪಟ್ಟಿ ಸೇರಿಸಿದರೆ ಗಾಡಿಯ ಹಿಂಭಾಗ ಕುಸಿಯುವುದಿಲ್ಲ, ನಿಜ. ಆದರೆ ಬ್ರೇಕು, ಆಕ್ಸಲ್, ಟೈರು ಹಳೆಯ ಅಳತೆಯವೇ. ಹೊರೆ ಕಣ್ಣಿಗೆ ಕಾಣದಂತಾಯಿತೇ ಹೊರತು ಕಡಿಮೆಯಾಗಲಿಲ್ಲ.

ಕಾನೂನು ಮಧ್ಯೆ ಬರುವುದು ಇಲ್ಲಿಯೇ. 1989ರ ಜುಲೈ 1ರಿಂದ ಜಾರಿಗೆ ಬಂದ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ತಯಾರಕರು ಹೇಳಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಈ ಮಾತನ್ನು ಗಟ್ಟಿಗೊಳಿಸಿತು. ಸವೆದ ಭಾಗಕ್ಕೆ ಅದೇ ಬಗೆಯ ಭಾಗ ಹಾಕುವುದು ರಿಪೇರಿ. ಚಾಸಿ ಉದ್ದ ಮಾಡುವುದು, ಬೇರೆ ಜಾತಿಯ ಎಂಜಿನ್ ಕೂರಿಸುವುದು ಮಾರ್ಪಾಡು. ಎಂಜಿನ್ ಬದಲಿಸಬೇಕಿದ್ದರೆ ಸಾರಿಗೆ ಕಚೇರಿಯ ಒಪ್ಪಿಗೆ ಪಡೆದು ಆರ್.ಸಿ.ಯಲ್ಲಿ ದಾಖಲಿಸಬೇಕು. ಇಲ್ಲವಾದರೆ ಅಪಘಾತವಾದ ದಿನ ವಿಮಾ ಕಂಪನಿ ಕೇಳುವ ಮೊದಲ ಪ್ರಶ್ನೆಗೇ ಮಾಲೀಕನ ಬಳಿ ಉತ್ತರವಿರುವುದಿಲ್ಲ.

ಹದಿನೈದರ ಗಡಿ

ಬಾಡಿಗೆಗೆ ಓಡುವ ಸರಕು ವಾಹನಕ್ಕೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್.ಸಿ. ಮಾಡಿಸಬೇಕು. ಇದರ ಮೇಲೆ 2021ರಲ್ಲಿ ಕೇಂದ್ರ ಸರ್ಕಾರದ ಗುಜರಿ ನೀತಿ ಬಂತು. ಸರಕು ವಾಹನಕ್ಕೆ 15 ವರ್ಷ, ಖಾಸಗಿ ವಾಹನಕ್ಕೆ 20 ವರ್ಷ ತುಂಬಿದ ಮೇಲೆ ಪರೀಕ್ಷೆಯಲ್ಲಿ ಸೋತರೆ ನೋಂದಣಿ ಉಳಿಯದು. 2022ರ ಏಪ್ರಿಲ್‌ನಿಂದ ಹಳೆಯ ವಾಹನಗಳ ಶುಲ್ಕವೂ ಗಣನೀಯವಾಗಿ ಏರಿತು. 2023ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯೇ ರದ್ದಾಗತೊಡಗಿತು. ಆದರೆ ಜನರಲ್ಲಿರುವ ಭಯದಂತೆ ಈ ನೀತಿಯಲ್ಲಿ ವಯಸ್ಸೊಂದೇ ಮರಣಶಾಸನವಲ್ಲ. ರೈತನ ಗಾಡಿ ಪರೀಕ್ಷೆಯಲ್ಲಿ ಗೆದ್ದರೆ ಓಡಬಹುದು. ಅಂದರೆ ಅಂಗಳದ ಆರೈಕೆಗೆ ಬೆಲೆ ಕಡಿಮೆಯಾಗಿಲ್ಲ. ಅದರ ಫಲವನ್ನು ಈಗ ಯಂತ್ರ ಅಳೆಯುತ್ತದೆ, ಅಷ್ಟೆ.

ಸರ್ಕಾರದ ವಾದದಲ್ಲಿ ಹುರುಳಿಲ್ಲ ಎನ್ನಲಾಗದು. ಹಳೆಯ ಡೀಸೆಲ್ ಎಂಜಿನ್ ಉಗುಳುವ ಹೊಗೆ ಹೊಸದಕ್ಕಿಂತ ಹಲವು ಪಟ್ಟು ಹೆಚ್ಚು. ಆ ಹೊಗೆಯನ್ನು ಮೊದಲು ಉಸಿರಾಡುವವರು ಗಾಡಿಯವರ ಮಕ್ಕಳೇ. ರೈತನ ವಾದದಲ್ಲೂ ಹುರುಳಿದೆ. ವರ್ಷದಲ್ಲಿ ಕೆಲವೇ ತಿಂಗಳು ದುಡಿಯುವ ಗಾಡಿಗೆ ಹೊಸ ಗಾಡಿಯ ಕಂತು ಕಟ್ಟಲು ಟೊಮೆಟೊ ಬೆಲೆ ಅವಕಾಶ ಕೊಡುವುದಿಲ್ಲ. ರಸ್ತೆಗೆ ಸುರಿಯುವ ದರ ಬಂದ ವರ್ಷವೂ ಬ್ಯಾಂಕಿನ ಕಂತು ನಿಲ್ಲುವುದಿಲ್ಲ.

2020ರ ಏಪ್ರಿಲ್‌ನಿಂದ ಮಾರಾಟವಾಗುತ್ತಿರುವ ಬಿಎಸ್-6 ವಾಹನಗಳ ಕತೆಯೇ ಬೇರೆ. ಹಳೆಯ ಎಂಜಿನ್ನಿನ ನಾಜಲ್ ನೂರು ಇನ್ನೂರು ಬಾರ್ ಒತ್ತಡಕ್ಕೆ ತೆರೆದುಕೊಂಡರೆ, ಹೊಸ ಕಾಮನ್ ರೈಲ್ ವ್ಯವಸ್ಥೆಯಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಅಲ್ಲಿ ಪೈಪು ಸಡಿಲಿಸಿ ಗಾಳಿ ತೆಗೆಯಲು ಹೋದರೆ ಚಿಮ್ಮುವ ಡೀಸೆಲ್ ಚರ್ಮವನ್ನೇ ಸೀಳಬಲ್ಲದು. ದೋಷ ಎಲ್ಲಿದೆಯೆಂದು ಹೇಳುವುದು ಹೊಗೆಯ ಬಣ್ಣವಲ್ಲ, ಸ್ಕ್ಯಾನರ್ ಯಂತ್ರ. ಪಾನಾ ಹಿಡಿದು ಕಲಿತ ತಲೆಮಾರು ಇಲ್ಲಿ ಅಕ್ಷರಶಃ ಕೈಕಟ್ಟಿ ನಿಲ್ಲಬೇಕಾಗುತ್ತದೆ.

ಕೆಜಿಎಫ್‌ನಲ್ಲಿ ಗಣಿ ಮುಚ್ಚಿದಾಗ ಯಂತ್ರ ಬಲ್ಲ ಕೈಗಳಿಗೆ ಮುಂದೇನು ಎಂದು ಯಾರೂ ಯೋಚಿಸಲಿಲ್ಲ. ಹಳೆಯ ಗಾಡಿಗಳು ಗುಜರಿಗೆ ಹೊರಟಿರುವ ಈ ಹೊತ್ತಿನಲ್ಲಿ ಅದೇ ಪ್ರಶ್ನೆ ರಸ್ತೆ ಬದಿಯ ಮೆಕ್ಯಾನಿಕ್ಕನ ಮುಂದೆ, ಕ್ಯಾಸಂಬಳ್ಳಿಯಂಥ ಹೋಬಳಿಗಳ ಅಂಗಳಗಳ ಮುಂದೆ ಬಂದು ನಿಂತಿದೆ. ತಾಲ್ಲೂಕಿಗೊಂದು ಪರೀಕ್ಷಾ ಕೇಂದ್ರ ಹತ್ತಿರದಲ್ಲೇ ದೊರೆತು, ಸ್ಕ್ಯಾನರ್ ಬಳಸುವ ತರಬೇತಿ ಐಟಿಐಗಳ ಗೋಡೆ ದಾಟಿ ಗ್ಯಾರೇಜಿಗೆ ಬಂದರೆ ಈ ವಿದ್ಯೆ ಇನ್ನೊಂದು ತಲೆಮಾರಿಗೆ ದಾಟೀತು. ಇದ್ದಿಲಿನ ಒಲೆಯಿಂದ ಡೀಸೆಲ್ ಪಂಪಿನವರೆಗೆ ಪ್ರತಿ ಸಲ ಹೊಸದನ್ನು ಕಲಿತುಕೊಂಡ ಜನಕ್ಕೆ ಇದನ್ನೂ ಕಲಿಯುವುದು ಅಸಾಧ್ಯವೇನಲ್ಲ.